ಚಕ್ರ ಮೊದಲು, ಧ್ವನಿ ಆಮೇಲೆ: ಮಾದರಿ ರೈಲಿನ ಖರ್ಚಿನ ಕ್ರಮ

ಮಾದರಿ ರೈಲಿನ ಹವ್ಯಾಸದಲ್ಲಿ ಇಂಜಿನ್ ಕೊಳ್ಳುವಾಗ ಹತ್ತು ಸಲ ಯೋಚಿಸುವವರು ಸಣ್ಣ ಬಿಡಿಭಾಗಗಳನ್ನು ಕೊಳ್ಳುವಾಗ ಅಷ್ಟೇ ಎಚ್ಚರ ವಹಿಸುವುದು ಅಪರೂಪ. ನೂರಿಪ್ಪತ್ತೈದು ರೂಪಾಯಿಯ ಒಂದು ಜೋಡಿ ಚಕ್ರ ಯಾರ ಜೇಬಿಗೂ ಭಾರವೆನಿಸುವುದಿಲ್ಲ. ಆದರೆ ಒಂದು ಗಾಡಿಗೆ ಅಂಥ ನಾಲ್ಕು ಜೋಡಿ ಬೇಕು, ಒಂದು ಲೇಔಟಿನಲ್ಲಿ, ಅಂದರೆ ಹಳಿ, ನಿಲ್ದಾಣ, ಗುಡ್ಡ, ಸೇತುವೆಗಳನ್ನು ಹಲಗೆಯ ಮೇಲೆ ಜೋಡಿಸಿದ ವ್ಯವಸ್ಥೆಯಲ್ಲಿ, ಗಾಡಿಗಳು ಹತ್ತಾರು ಇರುತ್ತವೆ. ಹೀಗಾಗಿ ಸೂಕ್ಷ್ಮ ಭಾಗಗಳನ್ನು ತಿದ್ದಿ ಚಂದಗಾಣಿಸುವ ಹಂತದಲ್ಲಿ ಆಗುವ ವೆಚ್ಚ ಎಷ್ಟೋ ಸಲ ಇಂಜಿನ್‌ಗಳ ಒಟ್ಟು ಬೆಲೆಯನ್ನು ಮೀರಿಸುತ್ತದೆ. ಈ ಹಂತದಲ್ಲಿ ಎಷ್ಟು ಖರ್ಚು ಮಾಡಬೇಕು ಎಂಬುದಕ್ಕಿಂತ ಯಾವುದಕ್ಕೆ ಮೊದಲು ಖರ್ಚು ಮಾಡಬೇಕು ಎಂಬುದೇ ಮುಖ್ಯ ಪ್ರಶ್ನೆ ಎನ್ನುವುದು ಈ ಅಂಕಣದ ನಿಲುವು.

ಚರ್ಚೆಗೆ ಆಧಾರವಾಗಿರುವುದು ಪ್ರಸ್ತುತ ಲೇಖಕನ ಮನೆಯ ಲೇಔಟಿಗೆ ಸಂಬಂಧಿಸಿದ ಒಂದು ದುಬಾರಿ ನಿರ್ಧಾರ. ಆ ಲೇಔಟ್ ಎಚ್‌ಒ ಪ್ರಮಾಣದ್ದು. ಎಚ್‌ಒ ಎಂದರೆ ನಿಜವಾದ ರೈಲನ್ನು 87ನೇ ಒಂದು ಭಾಗಕ್ಕೆ ಇಳಿಸಿದ ಅಳತೆ. 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್ ಹಳಿ ಈ ಪ್ರಮಾಣದಲ್ಲಿ 16.5 ಮಿಲಿಮೀಟರಿಗೆ ಬರುತ್ತದೆ. ಇಲ್ಲಿದ್ದ 24 ಸರಕು ಗಾಡಿಗಳ ಪ್ಲಾಸ್ಟಿಕ್ ಚಕ್ರಗಳನ್ನು ತೆಗೆದು ಲೋಹದ ಚಕ್ರ ಹಾಕುವುದು, ಎರಡೂ ತುದಿಯ ಪ್ಲಾಸ್ಟಿಕ್ ಕೊಕ್ಕೆಗಳ ಬದಲು ಲೋಹದ ಕಪ್ಲರ್ ಕೂರಿಸುವುದು, ಪ್ರತಿ ಗಾಡಿಯನ್ನೂ ಸೂಕ್ತ ತೂಕಕ್ಕೆ ತರುವುದು, ಈ ಮೂರು ಕೆಲಸಗಳನ್ನೂ ಕಂತುಕಂತಾಗಿ ಮಾಡದೆ ಒಂದೇ ಬಾರಿಗೆ ಮಾಡಿ ಮುಗಿಸುವುದೆಂದು ನಿರ್ಧರಿಸಲಾಯಿತು. ಅದೇ ಸಮಯದಲ್ಲಿ ಮೂರು ಇಂಜಿನ್‌ಗಳಿಗೆ ಧ್ವನಿ ಅಳವಡಿಸುವ ಇನ್ನೊಂದು ಆಯ್ಕೆಯೂ ಮುಂದಿತ್ತು, ಅದನ್ನು ಮುಂದೂಡಲಾಯಿತು.

ಲೆಕ್ಕವನ್ನು ಬಿಡಿಸಿ ನೋಡುವುದು ಅಗತ್ಯ. 24 ಗಾಡಿಗಳಿಗೆ ತಲಾ ನಾಲ್ಕು ಅಚ್ಚುಗಳಂತೆ, ಅಂದರೆ ನಾಲ್ಕು ಜೋಡಿ ಚಕ್ರಗಳಂತೆ, 96 ಅಚ್ಚುಗಳು ಬೇಕು. ವಿದೇಶದಿಂದ ತರಿಸುವ ಸಾಗಣೆ ಮತ್ತು ಸುಂಕ ಸೇರಿ ಒಂದಕ್ಕೆ 125 ರೂಪಾಯಿ ಬಿದ್ದುದರಿಂದ ಚಕ್ರಗಳ ಬಾಬ್ತು 12,000 ರೂಪಾಯಿ. ಗಾಡಿಗೆ ಎರಡರಂತೆ 48 ಕಪ್ಲರ್‌ಗಳಿಗೆ ತಲಾ 150 ರೂಪಾಯಿಯಂತೆ 7,200 ರೂಪಾಯಿ. ತೂಕದ ತುಂಡುಗಳಿಗೆ ಗಾಡಿಯೊಂದಕ್ಕೆ 20 ರೂಪಾಯಿಯಂತೆ 480 ರೂಪಾಯಿ, ಅಳತೆ ನೋಡುವ ಎರಡು ಉಪಕರಣಗಳಿಗೆ 2,400 ರೂಪಾಯಿ. ಒಟ್ಟು 22,080 ರೂಪಾಯಿ, ಅಂದರೆ ಗಾಡಿಯೊಂದಕ್ಕೆ 920 ರೂಪಾಯಿ. ಸುಮಾರು 2,500 ರೂಪಾಯಿಗೆ ಕೊಂಡ ಗಾಡಿಯ ಮೇಲೆ ಅದರ ಬೆಲೆಯ ಮೂರನೇ ಒಂದಕ್ಕಿಂತ ಹೆಚ್ಚು ಹಣವನ್ನು ಮತ್ತೆ ಸುರಿಯುವುದು ಮೇಲ್ನೋಟಕ್ಕೆ ವಿವೇಕದ ಕೆಲಸವೆಂದು ಕಾಣುವುದಿಲ್ಲ.

ಲೆಕ್ಕ ಇಲ್ಲಿಗೇ ಮುಗಿಯುವುದೂ ಇಲ್ಲ. ಅದೇ 22,080 ರೂಪಾಯಿಯನ್ನು ಶೇ 7ರ ಚಕ್ರಬಡ್ಡಿಯ ಠೇವಣಿಯಲ್ಲಿ ಹತ್ತು ವರ್ಷ ಇಟ್ಟಿದ್ದರೆ ಅದು 1.967 ಪಟ್ಟಾಗಿ, ತೆರಿಗೆಗೆ ಮುಂಚೆ, ಸುಮಾರು 43,430 ರೂಪಾಯಿ ಆಗುತ್ತಿತ್ತು. ಆದ್ದರಿಂದ ಹತ್ತು ವರ್ಷ ಬಳಸುವ ಲೇಔಟಿನ ಮೇಲೆ ಈ ನಿರ್ಧಾರದ ನಿಜವಾದ ಹೊರೆ ತಿಂಗಳಿಗೆ 362 ರೂಪಾಯಿ. ಧ್ವನಿಯ ಆಯ್ಕೆಗೆ ಸ್ಪೀಕರ್ ಸಹಿತ ಇಂಜಿನ್ ಒಂದಕ್ಕೆ 15,000 ರೂಪಾಯಿಯಂತೆ ಮೂರಕ್ಕೆ 45,000 ರೂಪಾಯಿ ಬೇಕಿತ್ತು. ಅದೇ ಸೂತ್ರದಲ್ಲಿ ಅದು ಹತ್ತು ವರ್ಷಕ್ಕೆ ಸುಮಾರು 88,520 ರೂಪಾಯಿ, ತಿಂಗಳಿಗೆ ಸುಮಾರು 738 ರೂಪಾಯಿ. ಹವ್ಯಾಸದ ಯಾವುದೇ ಬಿಡಿಭಾಗವನ್ನು ಕೊಳ್ಳುವ ಮೊದಲು ಅದರ ಬೆಲೆಯನ್ನು ಗಾಡಿಗಳ ಸಂಖ್ಯೆಯಿಂದ ಒಮ್ಮೆ, ಹತ್ತು ವರ್ಷದ ಬಡ್ಡಿಯ ಗುಣಕದಿಂದ ಇನ್ನೊಮ್ಮೆ ಗುಣಿಸಿ ನೋಡಬೇಕು. ಈ ಎರಡು ಗುಣಾಕಾರಗಳ ನಂತರವೂ ಬೇಕೆನಿಸಿದ್ದು ನಿಜವಾಗಿ ಬೇಕಾದದ್ದು.

ಈ ಖರ್ಚಿಗೆ ಪ್ರತಿಯಾಗಿ ದೊರೆತದ್ದೇನು ಎಂಬುದನ್ನು ತಿಳಿಯಲು ಗಾಡಿಯ ತಳವನ್ನು ಹತ್ತಿರದಿಂದ ನೋಡಬೇಕಾಗುತ್ತದೆ. ಗಾಡಿಯ ಎರಡು ತುದಿಗಳಲ್ಲಿ ನಾಲ್ಕು ನಾಲ್ಕು ಚಕ್ರಗಳ ಚೌಕಟ್ಟುಗಳಿರುತ್ತವೆ. ಅವುಗಳಿಗೆ ಟ್ರಕ್ ಎನ್ನುತ್ತಾರೆ. ಟ್ರಕ್ಕಿನ ಪಕ್ಕಗಳನ್ನು ಹೆಬ್ಬೆರಳಿನಿಂದ ಮೆಲ್ಲಗೆ ಅಗಲಿಸಿದರೆ ಹಳೆಯ ಅಚ್ಚು ಕಳಚಿ ಬರುತ್ತದೆ. ಹೊಸ ಅಚ್ಚಿನ ಎರಡೂ ತುದಿಗಳು ಸೂಜಿಯ ಮೊನೆಯಂತಿದ್ದು, ಚೌಕಟ್ಟಿನ ಒಳಬದಿಯ ಶಂಕುವಿನಾಕಾರದ ಕುಳಿಗಳಲ್ಲಿ ಕೂರುತ್ತವೆ. ಸರಿಯಾಗಿ ಕೂತ ಅಚ್ಚನ್ನು ಬಾಯಿಂದ ಊದಿದರೆ ಚಕ್ರ ಕೆಲಹೊತ್ತು ತಾನಾಗಿ ತಿರುಗುತ್ತಿರುತ್ತದೆ, ಬಿಗಿಯಾಗಿದ್ದರೆ ತಕ್ಷಣ ನಿಲ್ಲುತ್ತದೆ. ಒಂದು ಟ್ರಕ್ಕಿನ ತಿರುಪನ್ನು ಅದು ಅಕ್ಕಪಕ್ಕಕ್ಕೆ ವಾಲದೆ ತಿರುಗಲು ಮಾತ್ರ ಅವಕಾಶವಿರುವಷ್ಟು ಬಿಗಿ ಮಾಡಿ, ಇನ್ನೊಂದನ್ನು ತುಸು ಸಡಿಲ ಬಿಟ್ಟರೆ, ಗಾಡಿ ಮೂರು ಬಿಂದುಗಳ ಮೇಲೆ ನಿಂತಂತಾಗಿ ಹಳಿಯ ಸಣ್ಣ ಏರುತಗ್ಗುಗಳಲ್ಲೂ ಎಲ್ಲ ಚಕ್ರಗಳು ಹಳಿಯನ್ನು ಮುಟ್ಟಿಕೊಂಡೇ ಇರುತ್ತವೆ. ಈ ಕೊನೆಯ ಸುಧಾರಣೆಗೆ ಒಂದು ಸ್ಕ್ರೂಡ್ರೈವರ್ ಹೊರತು ಬೇರೆ ಖರ್ಚಿಲ್ಲ.

ತೂಕದ ವಿಷಯದಲ್ಲಿ 1935ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮಾದರಿ ರೈಲು ಸಂಘ, ಅಂದರೆ ಎನ್‌ಎಂಆರ್‌ಎ, ಒಂದು ಸರಳ ಸೂತ್ರ ಕೊಟ್ಟಿದೆ: ಎಚ್‌ಒ ಗಾಡಿಗೆ ಮೂಲವಾಗಿ ಒಂದು ಔನ್ಸ್, ಅದರ ಮೇಲೆ ಉದ್ದದ ಪ್ರತಿ ಅಂಗುಲಕ್ಕೆ ಅರ್ಧ ಔನ್ಸ್. ಆರು ಅಂಗುಲದ ಗಾಡಿಗೆ ಇದು ನಾಲ್ಕು ಔನ್ಸ್, ಸುಮಾರು 113 ಗ್ರಾಂ ಆಗುತ್ತದೆ. 85 ಗ್ರಾಂ ತೂಗುವ ಗಾಡಿಗೆ ಇನ್ನೂ 28 ಗ್ರಾಂ ಸೇರಿಸಬೇಕು. ಇದಕ್ಕಾಗಿ ಹವ್ಯಾಸದ ಅಂಗಡಿಯ ವಿಶೇಷ ತೂಕಗಳನ್ನು ತರಿಸಬೇಕಾಗಿಲ್ಲ. ಕಾರಿನ ಚಕ್ರಗಳ ಬ್ಯಾಲೆನ್ಸಿಂಗ್‌ಗೆ ಟೈರ್ ಅಂಗಡಿಗಳಲ್ಲಿ ಬಳಸುವ, ಹಿಂಬದಿಯಲ್ಲಿ ಅಂಟು ಇರುವ ಐದು ಮತ್ತು ಹತ್ತು ಗ್ರಾಂ ತುಂಡುಗಳ ಪಟ್ಟಿ ಸಾಕು. ಅವನ್ನು ಗಾಡಿಯ ನೆಲಕ್ಕೆ ಹತ್ತಿರವಾಗಿ, ಎರಡೂ ತುದಿಗಳಿಗೆ ಸಮನಾಗಿ ಅಂಟಿಸಬೇಕು. ತೂಕ ಮೇಲಿದ್ದರೆ ಗಾಡಿ ತಿರುವಿನಲ್ಲಿ ವಾಲುತ್ತದೆ.

ಕಪ್ಲರ್ ಎಂದರೆ ಒಂದು ಗಾಡಿಯನ್ನು ಇನ್ನೊಂದಕ್ಕೆ ಜೋಡಿಸುವ ಕೊಂಡಿ. ಅಮೆರಿಕದ ಈಲಿ ಜ್ಯಾನಿ 1873ರಲ್ಲಿ ಪೇಟೆಂಟ್ ಪಡೆದ, ಬಾಗಿದ ಬೆರಳುಗಳು ಪರಸ್ಪರ ಹೆಣೆದುಕೊಳ್ಳುವ ವಿನ್ಯಾಸವೇ ಇಂದಿನ ಮಾದರಿ ಕಪ್ಲರಿನ ಮೂಲ. ಭಾರತೀಯ ರೈಲ್ವೆಯ ಎಲ್‌ಎಚ್‌ಬಿ ಬೋಗಿಗಳಲ್ಲಿ ಸಿಬಿಸಿ ಎಂದು ಕರೆಯುವ ಕಪ್ಲರ್ ಕೂಡ ಇದೇ ವಂಶಕ್ಕೆ ಸೇರಿದ್ದು. ಅಮೆರಿಕದ ಕೇಡಿ ಕಂಪನಿಯ ಲೋಹದ ಕಪ್ಲರಿನಲ್ಲಿ ಕೊಕ್ಕೆಯ ಕೆಳಗೆ ಒಂದು ಬಾಗಿದ ತಂತಿ ಇಳಿಬಿದ್ದಿರುತ್ತದೆ. ನೋಡುವವರ ಕಣ್ಣಿಗೆ ಅದು ಗಾಡಿಗಳ ನಡುವಿನ ಬ್ರೇಕ್ ಗಾಳಿಯ ಕೊಳವೆಯಂತೆ ಕಾಣುತ್ತದೆ, ಆದರೆ ಹಳಿಗಳ ನಡುವೆ ಅಡಗಿಸಿಟ್ಟ ಅಯಸ್ಕಾಂತದ ಮೇಲೆ ಬಂದಾಗ ಅದೇ ತಂತಿ ಪಕ್ಕಕ್ಕೆ ಸೆಳೆಯಲ್ಪಟ್ಟು ಕೊಂಡಿಯನ್ನು ಬಿಡಿಸುತ್ತದೆ. ನೋಟ ಮತ್ತು ಕೆಲಸ ಎರಡನ್ನೂ ಒಂದೇ ಭಾಗ ಪೂರೈಸುವ ಇಂಥ ಕಡೆಗಳಲ್ಲಿ ಹಾಕಿದ ಹಣಕ್ಕೆ ಪೂರ್ಣ ಪ್ರತಿಫಲವಿದೆ. ಕಪ್ಲರಿನ ಮಧ್ಯಭಾಗ ಹಳಿಯ ಮೇಲ್ಮೈಯಿಂದ ಒಂದು ಅಂಗುಲದ 64ನೇ 25 ಭಾಗ, ಅಂದರೆ ಸುಮಾರು 9.9 ಮಿಲಿಮೀಟರ್ ಎತ್ತರದಲ್ಲಿರಬೇಕು. ಎತ್ತರ ತಪ್ಪಿದರೆ ಗಾಡಿಗಳು ಏರಿನಲ್ಲಿ ಕಳಚಿಕೊಳ್ಳುತ್ತವೆ, ತಂತಿ ತೀರ ಕೆಳಗಿಳಿದಿದ್ದರೆ ಪಾಯಿಂಟುಗಳಲ್ಲಿ, ಅಂದರೆ ಹಳಿ ಕವಲೊಡೆಯುವ ಜಾಗದಲ್ಲಿ, ಸಿಕ್ಕಿಕೊಳ್ಳುತ್ತದೆ. 2,400 ರೂಪಾಯಿಯ ಅಳತೆಯ ಉಪಕರಣಗಳನ್ನು ಕೊಂಡದ್ದು ಈ ಕಾರಣಕ್ಕೆ.

ಎಲ್ಲ ಗಾಡಿಗಳನ್ನೂ ಒಟ್ಟಿಗೆ ಬದಲಿಸಿದ್ದಕ್ಕೆ ಎರಡು ಸಮರ್ಥನೆಗಳಿವೆ. ಮೊದಲನೆಯದಾಗಿ, ರೈಲು ಅದರ ಅತ್ಯಂತ ಕೆಟ್ಟ ಗಾಡಿ ಓಡುವಷ್ಟೇ ಚೆನ್ನಾಗಿ ಓಡುತ್ತದೆ. ಇಪ್ಪತ್ಮೂರು ಗಾಡಿಗಳು ಸರಿಯಿದ್ದು ಒಂದು ಹಳಿ ತಪ್ಪಿದರೂ ಇಡೀ ರೈಲು ನಿಲ್ಲುತ್ತದೆ. ಎರಡನೆಯದಾಗಿ, ಹೊರದೇಶದಿಂದ ಬರುವ ಪ್ರತಿ ಪಾರ್ಸೆಲ್‌ಗೂ ಸಾಗಣೆಯ ಮತ್ತು ಕಸ್ಟಮ್ಸ್ ನಿರ್ವಹಣೆಯ ಒಂದು ಸ್ಥಿರ ಶುಲ್ಕವಿರುತ್ತದೆ. ನಾಲ್ಕು ಸಣ್ಣ ಪಾರ್ಸೆಲ್‌ಗಳಿಗೆ ಅದನ್ನು ನಾಲ್ಕು ಸಲ ತೆರುವುದಕ್ಕಿಂತ ಒಂದು ದೊಡ್ಡ ಪಾರ್ಸೆಲ್‌ಗೆ ಒಮ್ಮೆ ತೆತ್ತರೆ ಪ್ರತಿ ಚಕ್ರದ ಬೆಲೆ ಇಳಿಯುತ್ತದೆ.

ಧ್ವನಿಯನ್ನು ಮುಂದೂಡಿದ್ದಕ್ಕೆ ತಾಂತ್ರಿಕ ಕಾರಣವೇ ಇದೆ. ಹಳೆಯ ಪದ್ಧತಿಯಲ್ಲಿ ಹಳಿಯ ವೋಲ್ಟೇಜನ್ನು ಏರಿಳಿಸಿ ವೇಗವನ್ನು ನಿಯಂತ್ರಿಸುತ್ತಿದ್ದರು. ಜರ್ಮನಿಯ ಲೆನ್ಜ್ ಕಂಪನಿಯ ವಿನ್ಯಾಸವನ್ನು ಆಧರಿಸಿ ಎನ್‌ಎಂಆರ್‌ಎ 1990ರ ದಶಕದಲ್ಲಿ ಅಂಗೀಕರಿಸಿದ ಡಿಸಿಸಿ ಎಂಬ ಡಿಜಿಟಲ್ ಪದ್ಧತಿಯಲ್ಲಿ ಹಳಿಯ ಮೇಲೆ ಸದಾ ವಿದ್ಯುತ್ ಇರುತ್ತದೆ, ಅದರೊಂದಿಗೆ ಆಜ್ಞೆಗಳೂ ಹರಿಯುತ್ತವೆ, ಇಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಫಲಕ ತನ್ನ ಸಂಖ್ಯೆಗೆ ಬಂದ ಆಜ್ಞೆಯನ್ನು ಮಾತ್ರ ಓದಿ ಮೋಟಾರು, ದೀಪ, ಸ್ಪೀಕರುಗಳನ್ನು ನಡೆಸುತ್ತದೆ. ಹಳಿ ಮತ್ತು ಚಕ್ರದ ಸಂಪರ್ಕ ಕ್ಷಣಕಾಲ ತಪ್ಪಿದರೆ ಧ್ವನಿ ಕತ್ತರಿಸಿಹೋಗಿ ಮೊದಲಿನಿಂದ ಶುರುವಾಗುತ್ತದೆ. ಪ್ಲಾಸ್ಟಿಕ್ ಚಕ್ರಗಳು ಕೊಳೆಯನ್ನು ಹಿಡಿದು ಹಳಿಯುದ್ದಕ್ಕೂ ಹರಡುವುದರಿಂದ, ಗಾಡಿಗಳ ಚಕ್ರ ಬದಲಿಸದೆ ಇಂಜಿನ್ನಿಗೆ ಧ್ವನಿ ಹಾಕಿದವರು 15,000 ರೂಪಾಯಿಯ ಸಾಧನವನ್ನು ಕೊಳಕು ಹಳಿಯ ಮೇಲೆ ಓಡಿಸುತ್ತಿರುತ್ತಾರೆ. ಮೇಲಾಗಿ ಎರಡು ಸೆಂಟಿಮೀಟರಿನ ಸ್ಪೀಕರಿನಿಂದ ಡೀಸೆಲ್ ಇಂಜಿನ್ನಿನ ಗಂಭೀರ ಗುಡುಗು ಹೊರಡುವುದು ಭೌತಶಾಸ್ತ್ರದ ನಿಯಮಕ್ಕೇ ಹೊರತು.

ಧ್ವನಿಗಿಂತ ಅಗ್ಗದ, ಕೆಲವೊಮ್ಮೆ ಖರ್ಚೇ ಇಲ್ಲದ ಸುಧಾರಣೆಗಳಿವೆ. ಡಿಕೋಡರಿನ ವರ್ತನೆಯನ್ನು ನಿರ್ಧರಿಸುವ ಸಂಖ್ಯೆಗಳಿಗೆ ಸಿವಿ ಎನ್ನುತ್ತಾರೆ. ಎರಡನೆಯ ಸಿವಿ ಇಂಜಿನ್ ಹೊರಡುವಾಗಿನ ವೋಲ್ಟೇಜನ್ನೂ, ಮೂರನೆಯದು ವೇಗ ಏರುವ ಗತಿಯನ್ನೂ, ನಾಲ್ಕನೆಯದು ನಿಲ್ಲುವಾಗ ವೇಗ ಇಳಿಯುವ ಗತಿಯನ್ನೂ ನಿರ್ಧರಿಸುತ್ತವೆ. ಜೆಎಂಆರ್‌ಐ ಎಂಬ ಉಚಿತ ತಂತ್ರಾಂಶದಿಂದ ಇವನ್ನು ತಿದ್ದಿದರೆ, ಆಟಿಕೆಯಂತೆ ಜಿಗಿದು ಹೊರಡುತ್ತಿದ್ದ ಇಂಜಿನ್ ಭಾರದ ರೈಲನ್ನು ಎಳೆಯುವಂತೆ ಮೆಲ್ಲಗೆ ಹೊರಡುತ್ತದೆ. ನಿಲ್ದಾಣದ ದೀಪಕ್ಕೆ 12 ವೋಲ್ಟಿನ ಮೂಲ, ಸುಮಾರು ಮೂರು ವೋಲ್ಟಿನ ಬಿಳಿ ಎಲ್‌ಇಡಿ, ಐದು ಮಿಲಿಆಂಪಿಯರ್ ಪ್ರವಾಹ ಎಂದಿಟ್ಟುಕೊಂಡರೆ 1,800 ಓಮಿನ ಒಂದು ರೆಸಿಸ್ಟರ್ ಸಾಕು. ಇಂಥ ಭಾಗಗಳೂ, ಪಾಯಿಂಟನ್ನು ನಿಧಾನವಾಗಿ ಸರಿಸುವ ಪುಟ್ಟ ಸರ್ವೊ ಮೋಟಾರುಗಳೂ ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಅಗ್ಗವಾಗಿಯೇ ಸಿಗುತ್ತವೆ. ಪ್ಲಾಸ್ಟಿಕ್ಕಿನ ಹೊಳಪನ್ನು ಅಡಗಿಸುವ ಮ್ಯಾಟ್ ವಾರ್ನಿಷ್, ಧೂಳು ಮತ್ತು ತುಕ್ಕಿನ ಬಣ್ಣ ಕೊಡುವ ಒಣ ಪೇಸ್ಟಲ್ ಪುಡಿ ಇವುಗಳಿಗೂ ದೊಡ್ಡ ಬಂಡವಾಳ ಬೇಡ.

ನಿಖರತೆಗೂ ಒಂದು ಆರ್ಥಿಕ ಗಡಿ ಇದೆ. ಭಾರತದ ಬ್ರಾಡ್ ಗೇಜ್ 1,676 ಮಿಲಿಮೀಟರ್. ಅದನ್ನು 87ರಿಂದ ಭಾಗಿಸಿದರೆ 19.3 ಮಿಲಿಮೀಟರ್ ಬರುತ್ತದೆ. ಭಾರತೀಯ ಗಾಡಿಗಳ ಎಚ್‌ಒ ಮಾದರಿಯನ್ನು ಮಾರುಕಟ್ಟೆಯ 16.5 ಮಿಲಿಮೀಟರ್ ಹಳಿಯ ಮೇಲೆ ಓಡಿಸಿದರೆ ಹಳಿ ಸುಮಾರು 2.8 ಮಿಲಿಮೀಟರಿನಷ್ಟು ಕಿರಿದಾಗಿರುತ್ತದೆ. ಈ ಅಂತರವನ್ನು ಸರಿಪಡಿಸಲು ಹಳಿ, ಪಾಯಿಂಟು, ಅಚ್ಚು ಎಲ್ಲವನ್ನೂ ಕೈಯಿಂದಲೇ ಮಾಡಬೇಕಾಗುತ್ತದೆ; ಮೂರಡಿ ದೂರದಿಂದ ನೋಡುವ ಕಣ್ಣು ಅದನ್ನು ಗುರುತಿಸುವುದು ಕಷ್ಟ, ತೊನೆದಾಡುವ ಗಾಡಿಯನ್ನು ಮಾತ್ರ ಕೋಣೆಯ ಆಚೆ ತುದಿಯಿಂದಲೂ ಗುರುತಿಸುತ್ತದೆ.

ಸೀಮಿತ ಆವೃತ್ತಿಯ ಇಂಜಿನ್‌ಗಳನ್ನು ಹೂಡಿಕೆಯೆಂದು ಮಾರುವ ಪದ್ಧತಿಯ ಬಗ್ಗೆ ತಾಳ್ಮೆಯಿಂದ ಬರೆಯುವುದು ಕಷ್ಟ. ಬಡ್ಡಿಯಿಲ್ಲದ, ಲಾಭಾಂಶವಿಲ್ಲದ, ಬೆಲೆ ತಿಳಿಸುವ ಯಾವ ಅಧಿಕೃತ ಮಾರುಕಟ್ಟೆಯೂ ಇಲ್ಲದ, ಪೆಟ್ಟಿಗೆ ತೆರೆದ ಕೂಡಲೇ ಮೌಲ್ಯ ಇಳಿಯುವ ವಸ್ತುವನ್ನು ಹೂಡಿಕೆ ಎನ್ನಲಾಗದು. ಓಡಿಸದೆ ಇಡಬೇಕಾದ ಇಂಜಿನ್ ಇಂಜಿನ್ನೂ ಅಲ್ಲ. ತಯಾರಕರ ಹೆಸರು ಬೆಲೆಗೆ ಭದ್ರತೆಯೆಂಬ ವಾದವೂ ನಿಲ್ಲುವುದಿಲ್ಲ: 1859ರಲ್ಲಿ ಶುರುವಾದ ಜರ್ಮನಿಯ ಮಾರ್ಕ್ಲಿನ್ ಸಂಸ್ಥೆಯೇ 2009ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿ, ಆಮೇಲೆ ಬೇರೆಯವರ ಕೈ ಸೇರಿ ಉಳಿದುಕೊಂಡಿತು. ಇಂಥ ಇಂಜಿನ್ ಇಷ್ಟವಾದರೆ ಇಷ್ಟಕ್ಕಾಗಿ ಕೊಳ್ಳಬೇಕು, ಓಡಿಸಬೇಕು. ಮಕ್ಕಳ ಓದಿನ ಹಣವನ್ನು ಅದರಲ್ಲಿ ಇಟ್ಟಿದ್ದೇವೆಂದು ಭಾವಿಸಬಾರದು.

ಕಡೆಗೆ ಹಣ ಉಳಿಯುವುದು ಬೆಲೆಗಳಿಂದಲ್ಲ, ಅಭ್ಯಾಸಗಳಿಂದ. ಪ್ರತಿ ಗಾಡಿಗೂ ಒಂದು ಪುಟವಿರುವ ಪುಸ್ತಕ ಇಟ್ಟು ಅದರ ತೂಕ, ಕಪ್ಲರಿನ ಎತ್ತರ, ಚಕ್ರದ ಸ್ಥಿತಿ, ಆದ ಖರ್ಚು ಇವನ್ನು ಬರೆಯುವವರು ಬೇಡದ್ದನ್ನು ಕೊಳ್ಳುವುದು ಕಡಿಮೆ, ಏಕೆಂದರೆ ಏನು ಬಾಕಿಯಿದೆ ಎಂಬುದು ಅವರ ಕಣ್ಣ ಮುಂದಿರುತ್ತದೆ. ಕೈಯಲ್ಲಿರುವ ಕೆಲಸ ಮುಗಿಯುವ ಮೊದಲೇ ಹೊಸ ಪೆಟ್ಟಿಗೆ ತರುವವರ ಅಟ್ಟದ ಮೇಲೆ ಅರ್ಧ ಮುಗಿದ ಗಾಡಿಗಳು ರಾಶಿ ಬೀಳುತ್ತವೆ, ಅಲ್ಲಿ ಕೂತ ಹಣ ಬಡ್ಡಿಯನ್ನೂ ಕೊಡುವುದಿಲ್ಲ, ಸಂತೋಷವನ್ನೂ ಕೊಡುವುದಿಲ್ಲ. ಆದ್ದರಿಂದ ಹೊಸದಾಗಿ ಈ ಹವ್ಯಾಸಕ್ಕೆ ಬರುವ ಓದುಗರು ಚಕ್ರ, ತೂಕ, ಕಪ್ಲರ್ ಈ ಮೂರನ್ನು ಎಲ್ಲ ಗಾಡಿಗಳಲ್ಲೂ ಪೂರ್ಣಗೊಳಿಸಬೇಕು, ನಂತರ ಉಚಿತವಾಗಿ ಸಿಗುವ ಸಿವಿ ತಿದ್ದುಪಡಿಗಳನ್ನು ಮುಗಿಸಬೇಕು, ಆಮೇಲೆ ಬಣ್ಣ ಮತ್ತು ದೀಪಗಳಿಗೆ ಕೈಹಾಕಬೇಕು. ಇಷ್ಟೂ ಆದ ಮೇಲೆ ಹಣ ಉಳಿದಿದ್ದರೆ ಮಾತ್ರ ಧ್ವನಿಯ ವಿಚಾರ ಮಾಡಬೇಕು.