ಹಳೆಯ ಫೋನು, ಹೊಸ ಫೋನು ಮತ್ತು ಸವಕಳಿಯ ಲೆಕ್ಕ

ಲೆಕ್ಕಶಾಸ್ತ್ರದ ಸವಕಳಿ ಪಾಠದಲ್ಲಿ ಉದಾಹರಣೆಗೆ ಬರುವುದು ಹೆಚ್ಚಾಗಿ ಯಂತ್ರವೇ. ಒಂದು ಕಂಪನಿ ಏಪ್ರಿಲ್ 1ರಂದು ಯಂತ್ರ ಕೊಂಡಿತು ಎಂದು ಲೆಕ್ಕ ಶುರುವಾಗುತ್ತದೆ. ಅಂಥ ಯಂತ್ರವನ್ನು ನಮ್ಮಲ್ಲಿ ಹೆಚ್ಚಿನವರು ಕಂಡಿಲ್ಲ. ಆದರೆ ಸವೆಯುವ ಆಸ್ತಿಯೊಂದು ಪ್ರತಿ ಮನೆಯಲ್ಲೂ ಇದೆ, ಅದೇ ಮೊಬೈಲ್ ಫೋನು. ನಾಲ್ಕು ವರ್ಷ ಬಳಸಿದ ಫೋನನ್ನು ಈಚೆಗೆ ನಮ್ಮ ಮನೆಯಲ್ಲಿ ಬದಲಾಯಿಸಿದೆವು. ಆ ಲೆಕ್ಕವನ್ನೇ ಇಲ್ಲಿ ಪಾಠದ ಕ್ರಮದಲ್ಲಿ ಬರೆದಿದ್ದೇನೆ.

ಸವಕಳಿಗೆ ಕಾರಣಗಳು

ಪಾಠದಲ್ಲಿರುವ ಮೂರು ಮುಖ್ಯ ಕಾರಣಗಳೂ ಫೋನಿಗೆ ಅನ್ವಯಿಸುತ್ತವೆ. ಒಂದು, ಬಳಕೆ: ಚಾರ್ಜ್ ಮಾಡಿದಷ್ಟೂ ಲಿಥಿಯಂ ಬ್ಯಾಟರಿಯ ಶಕ್ತಿ ಕುಗ್ಗುತ್ತದೆ. ಎರಡು, ಕಾಲ: ಬಳಸದೆ ಇಟ್ಟರೂ ಬ್ಯಾಟರಿ ಹಳತಾಗುತ್ತದೆ. ಮೂರು, ಅಪ್ರಚಲಿತತೆ: ಫೋನು ಚೆನ್ನಾಗಿದ್ದರೂ ಕಾಲ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. 2023ರ ಅಕ್ಟೋಬರ್‌ನಿಂದ ವಾಟ್ಸಾಪ್ ಆಂಡ್ರಾಯ್ಡ್ 5ಕ್ಕಿಂತ ಹಳೆಯ ಆವೃತ್ತಿಯ ಫೋನುಗಳಲ್ಲಿ ನಿಂತುಹೋಯಿತು. ಆ ಫೋನುಗಳ ಪರದೆ ಒಡೆದಿರಲಿಲ್ಲ, ಆದರೂ ಅವುಗಳ ಬೆಲೆ ಇಳಿಯಿತು.

ನೇರ ರೇಖಾ ಪದ್ಧತಿ

ನಮ್ಮ ಹಳೆಯ ಫೋನಿನ ಖರೀದಿ ಬೆಲೆ 11,000 ರೂ. ಗುಜರಿ ಮೌಲ್ಯ 500 ರೂ., ಬಾಳಿಕೆ 5 ವರ್ಷ ಎಂದು ಅಂದಾಜಿಸಿದರೆ:

ವಾರ್ಷಿಕ ಸವಕಳಿ = (11,000 − 500) ÷ 5 = 2,100 ರೂ.
ನಾಲ್ಕು ವರ್ಷದ ಸವಕಳಿ = 8,400 ರೂ.
ಪುಸ್ತಕ ಮೌಲ್ಯ = 2,600 ರೂ.

ಐದು ವರ್ಷ ಹೆಚ್ಚೆನ್ನಿಸಿದರೆ ಇದನ್ನು ಗಮನಿಸಿ: 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಲ್ಯಾಪ್‌ಟಾಪ್ ಮತ್ತು ಡೆಸ್ಕ್‌ಟಾಪ್‌ಗಳ ಬಾಳಿಕೆ 3 ವರ್ಷ ಎಂದಿದೆ. ಬಾಳಿಕೆ ಎಂಬುದು ಯಾವಾಗಲೂ ಅಂದಾಜೇ.

ದುರಸ್ತಿಯೋ, ಹೊಸದೋ?

ಬ್ಯಾಟರಿ ಬದಲಿಸಲು 1,200 ರೂ. ಕೇಳಿದರು. ಇದು ರಾಜಸ್ವ ವೆಚ್ಚ, ಏಕೆಂದರೆ ಆಸ್ತಿಯನ್ನು ಮೊದಲಿನ ಸ್ಥಿತಿಗೆ ತರುತ್ತದೆ ಅಷ್ಟೆ. ಹೊಸ ಫೋನು ಬಂಡವಾಳ ವೆಚ್ಚ. ನಗದು ಬೆಲೆ 13,200, ಗುಜರಿ ಮೌಲ್ಯ 600, ಬಾಳಿಕೆ 5 ವರ್ಷ ಎಂದರೆ ವರ್ಷಕ್ಕೆ 2,520 ರೂ. ಬೀಳುತ್ತದೆ. ಹೊಸ ಬ್ಯಾಟರಿ ಒಂದೂವರೆ ವರ್ಷ ಬಂದರೂ ವರ್ಷಕ್ಕೆ 800 ರೂ. ಮಾತ್ರ. ಅಂಕಿಯಲ್ಲಿ ಗೆದ್ದದ್ದು ದುರಸ್ತಿ.

ಆದರೂ ನಾವು ಹೊಸದನ್ನೇ ಕೊಂಡೆವು. ಆ ಫೋನಿಗೆ ಭದ್ರತಾ ಅಪ್‌ಡೇಟ್ ಬರುವುದು ನಿಂತುಹೋಗಿತ್ತು. ಅಬ್ಬಾರ ಯುಪಿಐ ವ್ಯವಹಾರವೂ ನನ್ನ ವಿದ್ಯಾರ್ಥಿವೇತನದ ಅರ್ಜಿಯ ಒಟಿಪಿಯೂ ಅದರಲ್ಲೇ. ಕ್ಯಾಮೆರಾ ಹಳತಾಯಿತು ಎಂಬುದಷ್ಟೇ ಕಾರಣವಾಗಿದ್ದರೆ ಅಮ್ಮಿ ಅದನ್ನು ಇಸ್ರಾಫ್, ಅಂದರೆ ದುಂದು, ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು.

‘ಬಡ್ಡಿಯಿಲ್ಲದ’ ಕಂತು

ಬಡ್ಡಿಯ ವ್ಯವಹಾರ ನಮ್ಮ ಮನೆಯಲ್ಲಿಲ್ಲ. ಅಂಗಡಿಯವರು ನೋ ಕಾಸ್ಟ್ ಇಎಂಐ ಇದೆ, ಬಡ್ಡಿಯೇ ಇಲ್ಲ ಎಂದರು. ನಾನು ಲೆಕ್ಕ ಹಾಕಿದೆ:

ಕಂತು: 2,350 × 6 = 14,100 ರೂ.
ಪ್ರಕ್ರಿಯಾ ಶುಲ್ಕ 200 + ಅದರ ಮೇಲೆ 18% ಜಿಎಸ್‌ಟಿ 36 = 236 ರೂ.
ಒಟ್ಟು 14,336 ರೂ.
ನಗದು ಬೆಲೆ 13,200 ರೂ.
ವ್ಯತ್ಯಾಸ 1,136 ರೂ.

ನಗದು ಕೊಟ್ಟವರಿಗೆ ಸಿಗುವ ರಿಯಾಯಿತಿ ಕಂತಿನವರಿಗೆ ಸಿಗುವುದಿಲ್ಲ. ಬಡ್ಡಿ ಅಡಗಿರುವುದು ಅಲ್ಲಿ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ ಎಂದು ಭಾರತೀಯ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳುಹಿಸಿತ್ತು. ಬಡ್ಡಿ ಬೇಡ ಎನ್ನುವವರು ಹೆಸರನ್ನಲ್ಲ, ಮೊತ್ತವನ್ನು ನೋಡಬೇಕು. ಅಮ್ಮಿಯ ಹರಾಜಿಲ್ಲದ ಚೀಟಿಯ ಹಣ ಬರುವವರೆಗೆ ಎರಡು ತಿಂಗಳು ಕಾದು, ನಗದು ಕೊಟ್ಟು ತಂದೆವು.

ವಿನಿಮಯದ ನಮೂದು

ಹಳೆಯ ಫೋನಿಗೆ ವಿನಿಮಯದಲ್ಲಿ 1,100 ರೂ. ಸಿಕ್ಕಿತು. ಪುಸ್ತಕ ಮೌಲ್ಯ 2,600 ಇದ್ದುದರಿಂದ ನಷ್ಟ 1,500 ರೂ. ಕೈಯಿಂದ ಹೋದದ್ದು 12,100 ರೂ. ಆದರೂ ಹೊಸ ಆಸ್ತಿಯ ಬೆಲೆ 13,200 ಎಂದೇ ಬರೆಯಬೇಕು. ಪರೀಕ್ಷೆಯಲ್ಲಿ ಅಂಕ ಹೋಗುವುದು ಇಲ್ಲೇ.

ಹೊಸ ಫೋನು ಖಾತೆ: ಖರ್ಚು 13,200
ವಿನಿಮಯ ನಷ್ಟ ಖಾತೆ: ಖರ್ಚು 1,500
ಹಳೆಯ ಫೋನು ಖಾತೆ: ಜಮೆ 2,600
ನಗದು ಖಾತೆ: ಜಮೆ 12,100

ಎರಡೂ ಕಡೆ ಒಟ್ಟು 14,700 ರೂ.

ಹಳೆಯ ಫೋನು ಕೊಡುವ ಮುನ್ನ ಅದರಲ್ಲಿರುವುದನ್ನೆಲ್ಲ ಅಳಿಸಿ. ಬಳಸಿದ ಫೋನು ಕೊಳ್ಳುವವರು *#06# ಒತ್ತಿ 15 ಅಂಕಿಯ ಐಎಂಇಐ ಸಂಖ್ಯೆ ಪಡೆದು, ಸಂಚಾರ್ ಸಾಥಿಯಲ್ಲಿ ಪರೀಕ್ಷಿಸಬಹುದು.

ಪಾಠದ ಸಾರ

ಪುಸ್ತಕದಲ್ಲಿ ಸವಕಳಿ ಬರೆದ ಮಾತ್ರಕ್ಕೆ ಪೆಟ್ಟಿಗೆಯಲ್ಲಿ ಹಣ ಸೇರುವುದಿಲ್ಲ. ಅದಕ್ಕಾಗಿಯೇ ಸವಕಳಿ ನಿಧಿ ಪದ್ಧತಿ ಇದೆ. ಹೊಸ ಫೋನಿನ ವಾರ್ಷಿಕ ಸವಕಳಿ 2,520 ರೂ. ಎಂದರೆ ತಿಂಗಳಿಗೆ 210 ರೂ. ಈ ತಿಂಗಳಿಂದ ಅಷ್ಟನ್ನು ಒಂದು ಡಬ್ಬಿಗೆ ಹಾಕುತ್ತಿದ್ದೇವೆ. ಐದು ವರ್ಷಕ್ಕೆ 12,600 ರೂ. ಸೇರುತ್ತದೆ. ಆಗ ಕಂತೂ ಬೇಡ, ಸಾಲವೂ ಬೇಡ.

ಅಭ್ಯಾಸ: ನಿಮ್ಮ ಮನೆಯ ಫೋನಿನ ಬೆಲೆ, ಕೊಂಡ ವರ್ಷ ಮತ್ತು ಅಂದಾಜು ಬಾಳಿಕೆ ಬರೆದುಕೊಂಡು ಇಂದಿನ ಪುಸ್ತಕ ಮೌಲ್ಯ ಕಂಡುಹಿಡಿಯಿರಿ. ಶೇ. 40ರಂತೆ ಇಳಿಕೆ ಶಿಲ್ಕು ಪದ್ಧತಿಯಲ್ಲೂ ಲೆಕ್ಕ ಮಾಡಿ. ಮಾರುಕಟ್ಟೆ ಕೊಡುವ ಬೆಲೆಗೆ ಯಾವುದು ಹತ್ತಿರ ಬರುತ್ತದೆ ನೋಡಿ.