ಹರೆಯದ ಮಕ್ಕಳು ಮತ್ತು ಗರ್ಭನಿರೋಧದ ತಿಳುವಳಿಕೆ

ಬಾಲ್ಯವು ಕಳೆದು ಯೌವನವು ಕಾಲಿಡುವ ವಯಸ್ಸಿನಲ್ಲಿ ಮಕ್ಕಳ ದೇಹವೂ ಮನಸ್ಸೂ ಏಕಕಾಲಕ್ಕೆ ಬದಲಾಗುತ್ತವೆ. ಅವರ ಆಹಾರ, ವಿದ್ಯಾಭ್ಯಾಸ, ಕಣ್ಣು, ಹಲ್ಲು ಇವೆಲ್ಲವುಗಳ ಬಗೆಗೆ ತಾಯಿತಂದೆಯರು ಎಚ್ಚರ ವಹಿಸುತ್ತಾರೆ. ಆದರೆ ಮಗಳು ಒಂದು ದಿನ ಹತ್ತಿರ ಬಂದು, "ಅಮ್ಮಾ, ಗರ್ಭನಿರೋಧಕ ಗುಳಿಗೆಯನ್ನು ನನ್ನಂಥವರು ತೆಗೆದುಕೊಳ್ಳಬಹುದೇ?" ಎಂದು ಕೇಳಿದರೆ ಬಹುತೇಕ ಮನೆಗಳಲ್ಲಿ ಉತ್ತರವು ಸಿದ್ಧವಾಗಿರುವುದಿಲ್ಲ. ಸಿದ್ಧವಾಗಿರುವುದು ಸಿಟ್ಟು, ಇಲ್ಲವೇ ಮೌನ. ಮಗಳ ಪ್ರಶ್ನೆಯನ್ನು ತಪ್ಪೊಪ್ಪಿಗೆಯೆಂದು ಭಾವಿಸುವುದೇ ಇದಕ್ಕೆ ಕಾರಣ. ವಾಸ್ತವವಾಗಿ ಆ ಪ್ರಶ್ನೆಯು ಅವಳು ಹೆತ್ತವರ ಮೇಲೆ ಇಟ್ಟಿರುವ ನಂಬಿಕೆಯ ಗುರುತು. ಆ ಠೇವಣಿಯನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಗಳಿಸುವುದು ಬಹು ಕಷ್ಟ. ಆದುದರಿಂದ ಇಂಥ ಪ್ರಶ್ನೆಗೆ ತಾಯಿತಂದೆಯರು ಮೊದಲೇ ಸಿದ್ಧರಾಗಿರುವುದು ಅವಶ್ಯ.

ಪರಸ್ಥಳದ ಸಂಸಾರಕ್ಕಿರುವ ತೊಡಕು

ಪುಣೆಯಿಂದ ದಿವೆ ಘಾಟನ್ನು ಏರಿ ಸುಮಾರು 30 ಕಿಲೋಮೀಟರ್ ಸಾಗಿದರೆ ಕರ್ಹಾ ನದಿಯ ದಂಡೆಯ ಸಾಸವಡವು ಸಿಗುತ್ತದೆ. ಸಂತ ಸೋಪಾನದೇವರ ಸಮಾಧಿಯಿಂದ ಪಾವನವಾದ ಊರಿದು. ಜ್ಞಾನೇಶ್ವರರ ಪಾಲಖಿಯು ಪಂಢರಪುರಕ್ಕೆ ಹೋಗುವಾಗ ಇಲ್ಲಿ ತಂಗುತ್ತದೆ. ಜೇಜುರಿಯ ಖಂಡೋಬನ ದರ್ಶನಕ್ಕೆ ಪುಣೆಯಿಂದ ಹೊರಡುವ ಕನ್ನಡಿಗರಿಗೆ ಇದು ದಾರಿಯ ಊರು. ಇಲ್ಲಿ ಮನೆ ಮಾಡಿಕೊಂಡ ಒಂದು ಕನ್ನಡ ಸಂಸಾರವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ತಂದೆ ಬೆಳಿಗ್ಗೆ ಪುಣೆಗೆ ನೌಕರಿಗೆ ಹೋದರೆ ರಾತ್ರಿಯೇ ಮರಳುವುದು. 17 ವರ್ಷದ ಮಗಳು 12ನೆಯ ತರಗತಿಯ ವಿದ್ಯಾರ್ಥಿನಿ. ಅವಳಿಗೆ ಪಾಠ ಇಂಗ್ಲಿಷಿನಲ್ಲಿ, ಗೆಳತಿಯರೊಡನೆ ಮಾತು ಮರಾಠಿಯಲ್ಲಿ, ಮನೆಯಲ್ಲಿ ಮಾತ್ರ ಕನ್ನಡ.

ಊರಿನ ಕೂಡುಕುಟುಂಬದಲ್ಲಿದ್ದಿದ್ದರೆ ಅಜ್ಜಿ, ಚಿಕ್ಕಮ್ಮ, ಅತ್ತಿಗೆ ಇವರಲ್ಲಿ ಯಾರಾದರೊಬ್ಬರು ಹೆಣ್ಣುಮಗಳ ಕಿವಿಗೆ ನಾಲ್ಕು ಮಾತು ಹಾಕುತ್ತಿದ್ದರು. ಇಲ್ಲಿ ಆ ಹೊಣೆಯೆಲ್ಲ ತಾಯಿಯೊಬ್ಬಳದೇ. ಮಗಳು ಇಂಗ್ಲಿಷಿನಲ್ಲಿ ಕಲಿತ ಜೀವಶಾಸ್ತ್ರದ ಪದಗಳು ತಾಯಿಗೆ ಅಪರಿಚಿತ; ತಾಯಿಗೆ ತಿಳಿದ ಪದಗಳನ್ನು ಬಾಯಿಬಿಟ್ಟು ಆಡಲು ಸಂಕೋಚ. ಹೀಗೆ ಮಾತೃಭಾಷೆಯಿದ್ದೂ ಈ ಒಂದು ವಿಷಯದಲ್ಲಿ ತಾಯಿಮಗಳ ನಡುವೆ ಭಾಷೆಯೇ ಇಲ್ಲದಂತಾಗುತ್ತದೆ.

ಕನ್ನಡದಲ್ಲಿ ಈ ವಿಷಯಕ್ಕೆ ಪದಗಳ ಕೊರತೆಯೇನೂ ಇಲ್ಲ. ಮುಟ್ಟು, ಗರ್ಭಕೋಶ, ಅಂಡಾಶಯ, ವೀರ್ಯ, ಗರ್ಭಧಾರಣೆ ಎಂಬ ಮಾತುಗಳು ಶುದ್ಧವೂ ಗೌರವಯುತವೂ ಆಗಿವೆ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಡಾ. ಅನುಪಮಾ ನಿರಂಜನ ಅವರು 'ಕೇಳು ಕಿಶೋರಿ'ಯಂಥ ಪುಸ್ತಕಗಳಲ್ಲಿ ಇಂಥ ಸಂಗತಿಗಳನ್ನು ಕನ್ನಡದ ಹೆಣ್ಣುಮಕ್ಕಳಿಗಾಗಿಯೇ ಬರೆದರು. ಬಾಯಿಮಾತು ಕಷ್ಟವೆನಿಸಿದ ತಾಯಿಗೆ ಒಂದು ಪುಸ್ತಕವೇ ಮಾತಿನ ಆರಂಭವಾಗಬಲ್ಲುದು.

ಹಿಂದಿನವರು ತೋರಿದ ಧೈರ್ಯ

ಪುಣೆಯ ಕನ್ನಡಿಗರೆಲ್ಲರಿಗೂ ಕರ್ವೆ ರಸ್ತೆಯ ಪರಿಚಯವಿದೆ. ಆ ಹೆಸರಿನ ಮಹರ್ಷಿ ಧೋಂಡೋ ಕೇಶವ ಕರ್ವೆಯವರು 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವರು. ಅವರ ಹಿರಿಯ ಮಗ ರಘುನಾಥ ಧೋಂಡೋ ಕರ್ವೆಯವರ ಕಾರ್ಯವು ಅಷ್ಟು ಜನರಿಗೆ ತಿಳಿದಿಲ್ಲ. ಗಣಿತದ ಪ್ರಾಧ್ಯಾಪಕರಾಗಿದ್ದ ಅವರು 1921ರಲ್ಲಿ ಮುಂಬಯಿಯಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರವನ್ನು ತೆರೆದರು. ಈ ಕಾರ್ಯಕ್ಕಾಗಿ ತಮ್ಮ ಕಾಲೇಜಿನ ಉದ್ಯೋಗವನ್ನೂ ಬಿಡಬೇಕಾಯಿತು. 1927ರಿಂದ 1953ರಲ್ಲಿ ತಾವು ತೀರಿಕೊಳ್ಳುವ ವರೆಗೂ 'ಸಮಾಜ ಸ್ವಾಸ್ಥ್ಯ' ಎಂಬ ಮರಾಠಿ ಮಾಸಿಕವನ್ನು ನಡೆಸಿದರು. ಓದುಗರು ನಾಚಿಕೆಯಿಂದ ಯಾರನ್ನೂ ಕೇಳಲಾಗದ ಪ್ರಶ್ನೆಗಳಿಗೆ ಅದರಲ್ಲಿ ನೇರವಾದ ಉತ್ತರಗಳಿರುತ್ತಿದ್ದುವು. ಅಶ್ಲೀಲವೆಂಬ ಆರೋಪದ ಮೇಲೆ ಅವರ ವಿರುದ್ಧ ಮೊಕದ್ದಮೆಗಳು ನಡೆದಾಗ 1934ರಲ್ಲಿ ಅವರ ಪರವಾಗಿ ವಾದಿಸಿದ ವಕೀಲರು ಡಾ. ಬಿ. ಆರ್. ಅಂಬೇಡ್ಕರ್.

ಕನ್ನಡ ನಾಡೂ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1930ರಲ್ಲಿ, ಮೈಸೂರು ಸರ್ಕಾರವು ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಆಜ್ಞೆ ಮಾಡಿತು. ಸರ್ಕಾರವೇ ನಡೆಸಿದ ಇಂಥ ಕೇಂದ್ರಗಳಲ್ಲಿ ಇವು ಜಗತ್ತಿನಲ್ಲಿಯೇ ಮೊದಲಿನವೆಂದು ಪ್ರಸಿದ್ಧವಾಗಿವೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಬೆಳೆದ ಧನವಂತಿ ರಾಮರಾವ್ ಅವರು 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘದ ಸ್ಥಾಪನೆಗೆ ಮುಂದಾಳಾದರು. 1952ರಲ್ಲಿ ಭಾರತವು ಕುಟುಂಬ ಯೋಜನೆಯನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ಕೈಗೊಂಡ ಪ್ರಥಮ ದೇಶವಾಯಿತು. ಇಷ್ಟೆಲ್ಲ ಹಿಂದೆಯೇ ಸಾರ್ವಜನಿಕವಾಗಿ ಆಡಲಾದ ಮಾತನ್ನು ಇಂದು ಮನೆಯೊಳಗೆ ತಾಯಿಮಗಳು ಆಡಲಾರದಿರುವುದು ಸರಿಯೇ?

ಮೊದಲ ಐದು ನಿಮಿಷ

ಸಾಸವಡದ ಆ ಮಗಳು ಪ್ರಶ್ನೆ ಕೇಳಿದಳೆನ್ನೋಣ. "ಯಾರು ಅವನು?" ಎಂಬುದು ತಾಯಿಯ ಮೊದಲ ಮಾತಾದರೆ ಸಂಭಾಷಣೆಯು ಅಲ್ಲಿಗೇ ಮುಗಿಯುತ್ತದೆ. "ಇದೆಲ್ಲ ಮದುವೆಯಾದ ಮೇಲೆ" ಎಂದರೂ ಅಷ್ಟೆ. ಎರಡರಿಂದಲೂ ಮಗಳು ಕಲಿಯುವ ಪಾಠ ಒಂದೇ: ಇನ್ನು ಮುಂದೆ ಅಮ್ಮನನ್ನು ಕೇಳಬಾರದು. ಅನಂತರ ಅವಳ ಗುರುಗಳು ಗೆಳತಿಯರು, ಮೊಬೈಲು, ಔಷಧದ ಅಂಗಡಿ.

ಪ್ರಶ್ನೆಯ ಹಿಂದೆ ಹಲವು ಕಾರಣಗಳಿರಬಹುದು. ತರಗತಿಯಲ್ಲಿ ಪಾಠ ನಡೆದಿರಬಹುದು. ಗೆಳತಿಯೊಬ್ಬಳು ಸಂಕಟದಲ್ಲಿರಬಹುದು. ಮುಟ್ಟಿನ ತೀವ್ರ ನೋವು, ಅತಿಸ್ರಾವ, ಅಂಡಾಶಯದ ನೀರುಗುಳ್ಳೆಗಳ ತೊಂದರೆ ಇವುಗಳಿಗೂ ವೈದ್ಯರು ಇದೇ ಗುಳಿಗೆಗಳನ್ನು ಕೊಡುವುದುಂಟು. ಮಗಳ ಚೀಲದಲ್ಲಿ ಗುಳಿಗೆಯ ಪಟ್ಟಿ ಕಂಡೊಡನೆ ಅನುಮಾನಪಡುವ ಹೆತ್ತವರು ಇದನ್ನು ನೆನಪಿಡಬೇಕು. ಅವಳಿಗೆ ಒಬ್ಬನಲ್ಲಿ ಪ್ರೀತಿಯುಂಟಾಗಿರಲೂಬಹುದು. ಎಲ್ಲಕ್ಕಿಂತ ಗಂಭೀರವಾದ ಸಾಧ್ಯತೆಯೆಂದರೆ ಯಾರೋ ಅವಳನ್ನು ಬಲವಂತಪಡಿಸುತ್ತಿರುವುದು. ಸಿಟ್ಟಿಗೆದ್ದ ತಾಯಿಗೆ ಇವುಗಳಲ್ಲಿ ಯಾವುದು ನಿಜವೆಂದು ಎಂದಿಗೂ ತಿಳಿಯುವುದಿಲ್ಲ. ಆಗ ಬಲವಂತಕ್ಕೆ ಒಳಗಾದ ಮಗಳು ಒಂಟಿಯಾಗಿಯೇ ಉಳಿಯುತ್ತಾಳೆ.

ಸಂಭಾಷಣೆಯು ಈ ರೀತಿ ಸಾಗಬಹುದು.

"ನನ್ನನ್ನು ಕೇಳಿದ್ದು ಒಳ್ಳೆಯದಾಯಿತು. ನನಗೆ ಸ್ವಲ್ಪ ಗಾಬರಿಯಾಗಿದೆ, ಆದರೆ ಸಿಟ್ಟಿಲ್ಲ. ಈ ಯೋಚನೆ ಏಕೆ ಬಂತು, ಹೇಳುತ್ತೀಯಾ?"

"ಈಗಲೇ ಹೇಳಲೇಬೇಕೇ?"

"ಬೇಡ. ನಿನಗೆ ಹೇಳಬೇಕೆನಿಸಿದಾಗ ಹೇಳು. ಒಂದು ಮಾತು ಮಾತ್ರ ಈಗಲೇ ಕೇಳುತ್ತೇನೆ. ಯಾರಾದರೂ ನಿನ್ನನ್ನು ಹೆದರಿಸುತ್ತಿದ್ದಾರೆಯೇ?"

"ಇಲ್ಲಮ್ಮಾ."

"ಸರಿ. ಗುಳಿಗೆಯ ವಿಷಯ ನನಗೂ ಪೂರ್ತಿ ತಿಳಿಯದು. ಇಬ್ಬರೂ ಡಾಕ್ಟರಮ್ಮನ ಬಳಿ ಹೋಗಿ ಕೇಳೋಣ."

ಇಲ್ಲಿ ತಾಯಿಯು ತನ್ನ ಅಭಿಪ್ರಾಯವನ್ನು ಬಿಟ್ಟುಕೊಟ್ಟಿಲ್ಲ. ಓದು ಮುಗಿಯುವ ವರೆಗೆ ಇಂಥ ಸಂಬಂಧ ಬೇಡವೆಂಬ ತನ್ನ ಎಣಿಕೆಯನ್ನು ಅವಳು ಸಮಾಧಾನದಿಂದ ಹೇಳಬಹುದು, ಹೇಳಲೂಬೇಕು. ಆದರೆ ಅದು ಎರಡನೆಯ ಮಾತಾಗಲಿ. ಮೊದಲನೆಯದು ಕೇಳಿಸಿಕೊಳ್ಳುವುದು. ತಿಳುವಳಿಕೆ ಕೊಟ್ಟರೆ ಮಕ್ಕಳು ದಾರಿ ತಪ್ಪುತ್ತಾರೆಂಬ ಭಯವು ಬಹಳ ಹಳೆಯದು. ಸರಿಯಾದ ಲೈಂಗಿಕ ಶಿಕ್ಷಣವು ಮಕ್ಕಳನ್ನು ಅವಸರಪಡಿಸುವುದಿಲ್ಲವೆಂದು ನಾನಾ ದೇಶಗಳ ಅಧ್ಯಯನಗಳು ತೋರಿಸಿವೆ.

ತಿಳಿದಿರಬೇಕಾದ ವಿಧಾನಗಳು

ವೈದ್ಯರನ್ನು ಕಾಣುವ ಮೊದಲು ಕೆಲವು ಸಂಗತಿಗಳನ್ನು ತಿಳಿದಿರುವುದು ಲೇಸು.

1. ನಿರೋಧ್: ಭಾರತ ಸರ್ಕಾರವು 1968ರಲ್ಲಿ ಈ ಹೆಸರಿನಿಂದ ಕಾಂಡೋಮುಗಳನ್ನು ಪ್ರಚಾರಕ್ಕೆ ತಂದಿತು. ಗರ್ಭವನ್ನಷ್ಟೇ ಅಲ್ಲದೆ ಎಚ್.ಐ.ವಿ. ಮುಂತಾದ ಸೋಂಕುಗಳನ್ನೂ ತಡೆಯಬಲ್ಲ ಸಾಧನ ಇದು. ಸಾಮಾನ್ಯ ಬಳಕೆಯಲ್ಲಿ ವರ್ಷಕ್ಕೆ 100 ಮಂದಿಯಲ್ಲಿ ಸುಮಾರು 13 ಮಂದಿಗೆ ಗರ್ಭವು ನಿಲ್ಲುವ ಸಂಭವವಿದೆ.

2. ಸಂಯುಕ್ತ ಗುಳಿಗೆ: ಮಾಲಾ-ಎನ್ ಮುಂತಾದುವು. ಒಂದು ಪಟ್ಟಿಯಲ್ಲಿ 21 ಹಾರ್ಮೋನಿನ ಗುಳಿಗೆಗಳೂ 7 ಕಬ್ಬಿಣದ ಗುಳಿಗೆಗಳೂ ಇರುತ್ತವೆ. ಅಂಡವು ಬಿಡುಗಡೆಯಾಗದಂತೆ ತಡೆಯುವುದು ಇದರ ಮುಖ್ಯ ಕಾರ್ಯ. ದಿನವೂ ಒಂದೇ ಹೊತ್ತಿಗೆ ಸೇವಿಸಬೇಕು. ಸಾಮಾನ್ಯ ಬಳಕೆಯಲ್ಲಿ ಇದು ವರ್ಷಕ್ಕೆ 100ರಲ್ಲಿ ಸುಮಾರು 7 ಮಂದಿಗೆ ವಿಫಲವಾಗುತ್ತದೆ; ಮರೆಯುವುದೇ ಮುಖ್ಯ ಕಾರಣ. ಮೊದಲ ಮೂರು ತಿಂಗಳು ವಾಕರಿಕೆ, ನಡುನಡುವೆ ರಕ್ತ ಕಾಣಿಸುವುದು ಇತ್ಯಾದಿ ತೊಂದರೆಗಳು ಕಾಣಬಹುದು. ಇದರಿಂದ ಮುಂದೆ ಮಕ್ಕಳಾಗುವುದಿಲ್ಲವೆಂಬುದು ತಪ್ಪು ಕಲ್ಪನೆ. ಆದರೆ ರಕ್ತ ಹೆಪ್ಪುಗಟ್ಟುವ ತೊಂದರೆ, ಪಿತ್ತಜನಕಾಂಗದ ಗಂಭೀರ ರೋಗ, ಕಣ್ಣ ಮುಂದೆ ಮಿಂಚು ಕಾಣಿಸಿ ಬರುವ ಅರೆತಲೆನೋವು ಇರುವವರು ಇದನ್ನು ಸೇವಿಸಬಾರದು. ಆದುದರಿಂದಲೇ ವೈದ್ಯರ ತಪಾಸಣೆಯಿಲ್ಲದೆ ಇದನ್ನು ಆರಂಭಿಸಕೂಡದು.

3. ಛಾಯಾ: ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ, ಸ್ಟಿರಾಯ್ಡ್ ಹಾರ್ಮೋನಿಲ್ಲದ ಗುಳಿಗೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಅನಂತರ ವಾರಕ್ಕೆ ಒಂದು.

4. ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಮ್ಮೆ. ತಾಮ್ರದ ವಂಕಿ ಹಲವು ವರ್ಷಗಳ ಕಾಲ. ಇವು ಯಾರಿಗೆ ಸೂಕ್ತವೆಂಬುದನ್ನು ವೈದ್ಯರೇ ನಿರ್ಧರಿಸಬೇಕು.

5. ತುರ್ತು ಗುಳಿಗೆ: 72 ಗಂಟೆಗಳೊಳಗೆ, ಎಷ್ಟು ಬೇಗನೆ ಸೇವಿಸಿದರೆ ಅಷ್ಟು ಪರಿಣಾಮಕಾರಿ. ಇದು ಆಪತ್ಕಾಲಕ್ಕೆ ಮಾತ್ರ, ನಿತ್ಯದ ವಿಧಾನವಲ್ಲ. ಈಗಾಗಲೇ ನಿಂತಿರುವ ಗರ್ಭವನ್ನು ಇದು ತೆಗೆಯುವುದಿಲ್ಲ.

ಕೇವಲ ವಯಸ್ಸು ಚಿಕ್ಕದೆಂಬ ಕಾರಣದಿಂದ ಯಾವ ತಾತ್ಕಾಲಿಕ ವಿಧಾನವನ್ನೂ ವೈದ್ಯಕೀಯವಾಗಿ ನಿರಾಕರಿಸಬೇಕಾಗಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಕಾನೂನಿನ ಮಾತು

ಇಲ್ಲಿ ಹೆತ್ತವರೂ ಮಕ್ಕಳೂ ಸಮಾನವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. 2012ರ ಪೋಕ್ಸೋ ಕಾಯಿದೆಯ ಪ್ರಕಾರ 18 ವರ್ಷ ತುಂಬದವರೊಡನೆ ಲೈಂಗಿಕ ಸಂಬಂಧವು, ಅವರ ಒಪ್ಪಿಗೆಯಿದ್ದರೂ, ಅಪರಾಧ. ಅಂಥ ಅಪರಾಧವು ತಿಳಿದುಬಂದರೆ ವರದಿ ಮಾಡುವುದು ವೈದ್ಯರನ್ನೂ ಸೇರಿಸಿ ಎಲ್ಲರಿಗೂ ಕಡ್ಡಾಯ. ಪರಸ್ಪರ ಪ್ರೀತಿಸುವ ಸಮವಯಸ್ಕರೂ ಇದರಲ್ಲಿ ಸಿಲುಕುತ್ತಾರೆ. ಇದನ್ನು ಬೆದರಿಕೆಯಾಗಿ ಹೇಳದೆ, ರಸ್ತೆಯ ನಿಯಮವನ್ನು ಹೇಳಿಕೊಡುವಂತೆ ಹೇಳಿಕೊಡಬೇಕು.

18ರೊಳಗಿನ ಹುಡುಗಿಯ ಗರ್ಭಪಾತಕ್ಕೆ ಪೋಷಕರ ಲಿಖಿತ ಒಪ್ಪಿಗೆ ಬೇಕೆಂದು 1971ರ ಕಾಯಿದೆಯು ವಿಧಿಸುತ್ತದೆ. ಹುಡುಗಿಯೂ ಪೋಷಕರೂ ಕೋರಿಕೊಂಡರೆ ಪೊಲೀಸರಿಗೆ ಕೊಡುವ ವರದಿಯಲ್ಲಿ ವೈದ್ಯರು ಅವಳ ಗುರುತನ್ನು ಬಹಿರಂಗಪಡಿಸಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿತು. ಆದುದರಿಂದ ಮಾನಕ್ಕೆ ಅಂಜಿ ದಿನ ಕಳೆಯುವುದಾಗಲಿ, ಅಂಗಡಿಯಿಂದ ಗುಪ್ತವಾಗಿ ಗುಳಿಗೆ ತಂದು ನುಂಗುವುದಾಗಲಿ ಬೇಡ. ಅದರಿಂದ ಅಪಾರ ರಕ್ತಸ್ರಾವವಾಗಿ ಜೀವಕ್ಕೇ ಕುತ್ತು ಬರಬಹುದು. ಬಲವಂತ ನಡೆದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಹಗಲಿರುಳು ಕರೆ ಮಾಡಬಹುದು.

ಎಲ್ಲಿಗೆ ಹೋಗಬೇಕು?

2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು 10ರಿಂದ 19 ವರ್ಷದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪ್ರತ್ಯೇಕ ಸಲಹಾ ಕೇಂದ್ರಗಳನ್ನು ಏರ್ಪಡಿಸಿದೆ. ಇವುಗಳಿಗೆ ಮಹಾರಾಷ್ಟ್ರದಲ್ಲಿ 'ಮೈತ್ರಿ' ಎಂದೂ ಕರ್ನಾಟಕದಲ್ಲಿ 'ಸ್ನೇಹ' ಎಂದೂ ಹೆಸರು. ಸಣ್ಣ ಊರಿನಲ್ಲಿ ಪರಿಚಿತರ ಕಣ್ಣಿಗೆ ಬೀಳುವ ಅಳುಕಿದ್ದರೆ ಪುಣೆಯ ದೊಡ್ಡ ಆಸ್ಪತ್ರೆಗೆ ಹೋಗಬಹುದು. ವೈದ್ಯರ ಕೋಣೆಯಲ್ಲಿ ಮಗಳು ಐದು ನಿಮಿಷ ಒಬ್ಬಳೇ ಮಾತಾಡಲು ಅವಕಾಶ ಕೊಡಬೇಕು. ತಾಯಿಯು ಅದನ್ನು ಅವಮಾನವೆಂದು ಎಣಿಸಬಾರದು.

ಇಲ್ಲಿಯ ವರೆಗೆ ಮಗಳ ಮಾತಾಯಿತು. ಮಗನ ಮಾತೇನು? ಗರ್ಭದ ಭಾರವು ಹೆಣ್ಣಿನದಾದರೂ ಅದರ ಹೊಣೆಯಲ್ಲಿ ಗಂಡಿನ ಪಾಲು ಸರಿಸಮಾನ. ಒಪ್ಪಿಗೆಯಿಲ್ಲದೆ ಮುಟ್ಟಬಾರದು, 'ಬೇಡ' ಎಂದರೆ ಬೇಡವೇ ಎಂಬುದನ್ನು ತಂದೆಯು ಮಗನಿಗೆ ಸ್ಪಷ್ಟವಾಗಿ ಹೇಳಬೇಕು. ರಾತ್ರಿ ತಡವಾಗಿ ಮನೆ ಸೇರುವ ತಂದೆಯೂ ಈ ಕರ್ತವ್ಯವನ್ನು ತಾಯಿಯ ಮೇಲೆ ಹೊರಿಸಿ ಸುಮ್ಮನಿರಲಾಗದು.

ಪರಸ್ಥಳದಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವೆಲ್ಲರೂ ಹೇಳುತ್ತೇವೆ. ಹಬ್ಬದ ಹಾಡಿಗೂ ಊಟದ ಮಾತಿಗೂ ಮಾತ್ರ ಉಳಿದ ಭಾಷೆಯು ಮಕ್ಕಳಿಗೆ ಬಹುಕಾಲ ಬೇಕಾಗುವುದಿಲ್ಲ. ಹೆದರಿಕೆಯ ಹೊತ್ತಿನಲ್ಲಿ, ಬೇರೆ ಯಾರಿಗೂ ಹೇಳಲಾಗದುದನ್ನು ಹೇಳಿಕೊಳ್ಳುವ ಭಾಷೆಯಾಗಿ ಅದು ಮನೆಯಲ್ಲಿ ಇರಬೇಕು. ಅದಕ್ಕೆ ಹೆತ್ತವರು ಮಾಡಬೇಕಾದುದು ಇಷ್ಟೇ: ಮಗಳು ಕೇಳಿದಾಗ ಕೆಲಸ ಬದಿಗಿಟ್ಟು, ಪಕ್ಕದಲ್ಲಿ ಕುಳಿತು, ಕೊನೆಯ ವರೆಗೂ ಕೇಳಿಸಿಕೊಳ್ಳುವುದು.