ಮದರಾಸಿನ ದೀಪಸ್ತಂಭಗಳು

ಹತ್ತೊಂಬತ್ತನೆಯ ಶತಮಾನದ ಬಹುಭಾಗ ಮದರಾಸು ಹೆಸರಿಗೆ ಮಾತ್ರ ರೇವುಪಟ್ಟಣವಾಗಿತ್ತು. ಅಲೆತಡೆಗಳಿಂದ ಸುತ್ತುವರಿದ ಬಂದರು ಅಲ್ಲಿರಲಿಲ್ಲ. ನೌಕೆಗಳು ತೆರೆದ ಕಡಲಿನಲ್ಲಿಯೇ ಲಂಗರು ಹಾಕುತ್ತಿದ್ದವು. ಜನರನ್ನೂ ಸರಕನ್ನೂ ದಡ ಸೇರಿಸುತ್ತಿದ್ದುದು ಹಲಗೆಗಳನ್ನು ತೆಂಗಿನ ನಾರಿನಿಂದ ಹೊಲಿದು ಮಾಡಿದ ಮಸೂಲ ದೋಣಿಗಳು. ಇಂಥ ಸಪಾಟಾದ ತೀರವನ್ನು ಕತ್ತಲಲ್ಲಿ ಗುರುತಿಸಲಾಗದ ನಾವಿಕನಿಗೆ ಉಳಿವೇ ಸಂದೇಹ. ಆದಕಾರಣ 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ, ಇಂದು ವಸ್ತುಸಂಗ್ರಹಾಲಯವಾಗಿರುವ ಕಟ್ಟಡದ ಮೇಲೆ ತೆಂಗಿನೆಣ್ಣೆಯ ದೀಪಗಳನ್ನಿರಿಸಲಾಯಿತು.

ದೀಪದ ಉಜ್ಜ್ವಲತೆಯೊಂದೇ ಸಾಲದು, ಎತ್ತರವೂ ಬೇಕು. ಭೂಮಿಯ ಮೈ ಬಾಗಿರುವುದರಿಂದ, ಸಮುದ್ರಮಟ್ಟದಲ್ಲಿರುವ ಕಣ್ಣಿಗೆ 25 ಮೀಟರ್ ಎತ್ತರದ ದೀಪ ಸುಮಾರು 18 ಕಿಲೋಮೀಟರ್‌ವರೆಗೆ ಮಾತ್ರ ಕಾಣುತ್ತದೆ. ಎತ್ತರವನ್ನು 38 ಮೀಟರಿಗೆ ಏರಿಸಿದರೆ ದೂರ 22 ಕಿಲೋಮೀಟರ್ ಆಗುತ್ತದೆ. ದೂರ ಇಮ್ಮಡಿಯಾಗಬೇಕಾದರೆ ಎತ್ತರ ನಾಲ್ಮಡಿಯಾಗಬೇಕು. ಕಟ್ಟುವವನಿಗೆ ಇದು ದುಬಾರಿ ಲೆಕ್ಕ.

ಎರಡನೆಯ ದೀಪಕ್ಕೆ ಪ್ರತ್ಯೇಕ ಸ್ತಂಭವನ್ನೇ ರೂಪಿಸಿದವನು ಮದರಾಸು ಎಂಜಿನಿಯರುಗಳ ಪಡೆಯ ಕ್ಯಾಪ್ಟನ್ ಜೆ. ಟಿ. ಸ್ಮಿತ್. ಗಾರೆ, ಸಿಮೆಂಟುಗಳನ್ನು ಕುರಿತ ಫ್ರೆಂಚ್ ಪಂಡಿತ ವಿಕಾನ ಗ್ರಂಥವನ್ನು ಟಿಪ್ಪಣಿಸಹಿತ ಇಂಗ್ಲಿಷಿಗೆ ತಂದು 1837ರಲ್ಲಿ ಪ್ರಕಟಿಸಿದವನೂ ಇವನೇ. ಸುಣ್ಣದ ಗುಣವನ್ನು ಇಷ್ಟು ಬಲ್ಲವನ ಪಾಲಿಗೆ ಈ ಕೆಲಸ ಬಂದುದು ನಗರದ ಭಾಗ್ಯವೆನ್ನಬೇಕು. ಪಲ್ಲಾವರದ ಕಗ್ಗಲ್ಲಿನಿಂದ, ಗ್ರೀಕರ ಡೋರಿಕ್ ಶೈಲಿಯಲ್ಲಿ, ಸುಮಾರು 125 ಅಡಿ ಎತ್ತರದ ಕಂಬ ಮೇಲೆದ್ದಿತು. ತುದಿಯಲ್ಲಿ ಆರ್ಗಂಡ್ ದೀಪಗಳು: ಕೊಳವೆಯಾಕಾರದ ಬತ್ತಿ, ಅದರ ನಡುವೆ ಗಾಳಿ ಹಾಯಲು ದಾರಿ, ಹಿಂದೆ ಬೆಳಕನ್ನು ಕಡಲತ್ತ ತಿರುಗಿಸುವ ಲೋಹದ ದರ್ಪಣ. 1844ರ ಜನವರಿ 1ರಂದು ದೀಪ ಬೆಳಗಿತು.

ಅರ್ಧ ಶತಮಾನದೊಳಗೆ ಅದಕ್ಕೂ ಮುಪ್ಪು ಬಂತು. ಅದೇ ಆವರಣದಲ್ಲಿ 1892ರಲ್ಲಿ ಹೈಕೋರ್ಟಿನ ಕೆಂಪು ಕಟ್ಟಡ ಸಿದ್ಧವಾಯಿತು. ಅದರ ಮುಖ್ಯ ಗೋಪುರ ಸ್ತಂಭವನ್ನು ಮೀರಿ ನಿಂತಿತು. 1894ರಲ್ಲಿ ದೀಪವನ್ನು ಅಲ್ಲಿಗೇ ಏರಿಸಿದರು. ನ್ಯಾಯಾಲಯದ ನೆತ್ತಿಯೇ ನಾವಿಕರ ದಾರಿದೀಪವಾದ ಉದಾಹರಣೆ ವಿರಳವೇ ಸರಿ.

ಕಾಸರಗೋಡು, ಆದವಾನಿ, ರಾಯದುರ್ಗ, ಹೊಸೂರು, ನೀಲಗಿರಿಗಳ ಕನ್ನಡಿಗರಿಗೂ ಆ ಕಟ್ಟಡ ಅಪರಿಚಿತವಲ್ಲ. ಇವೆಲ್ಲ ಮದರಾಸು ಪ್ರಾಂತ್ಯದ ಭಾಗಗಳಾಗಿದ್ದುದರಿಂದ ಜಮೀನಿನ ವ್ಯಾಜ್ಯದ ಕೊನೆಯ ಅಪೀಲುಗಳು ಸಾಮಾನ್ಯವಾಗಿ ಮುಟ್ಟುತ್ತಿದ್ದುದು ಇಲ್ಲಿಗೇ. 1953ರಲ್ಲಿ ಆದವಾನಿ, ರಾಯದುರ್ಗಗಳು ಆಂಧ್ರಕ್ಕೂ 1956ರಲ್ಲಿ ಕಾಸರಗೋಡು ಕೇರಳಕ್ಕೂ ಸೇರಿದ ಮೇಲೆ ಅವುಗಳ ಕಡತಗಳು ಬೇರೆ ದಾರಿ ಹಿಡಿದವು. ಗಡಿಗಳು ಬದಲಾದರೂ ಗೋಪುರದ ದೀಪ 1977ರವರೆಗೆ ಉರಿಯಿತು. ಆ ವರ್ಷ ಮರೀನಾ ತೀರದ ಹೊಸ ದೀಪಸ್ತಂಭಕ್ಕೆ ಕೆಲಸ ವಹಿಸಲಾಯಿತು. ಸ್ಮಿತ್ ರೂಪಿಸಿದ ಕಂಬ ದೀಪವಿಲ್ಲದೆ ಹೈಕೋರ್ಟಿನ ಆವರಣದಲ್ಲಿ ಇಂದಿಗೂ ನಿಂತಿದೆ.